ಶೆಫೀಲ್ಡಿನ ಅಗ್ಗಿಷ್ಟಿಕೆ

ಶೆಫೀಲ್ಡ್ ಎಂಬ ಹೆಸರನ್ನು ನಾನು ಮೊಟ್ಟಮೊದಲು ಓದಿದ್ದು ಒಂದು ಅರದ ಮೇಲೆ. 1976ರಲ್ಲಿ ಹುಬ್ಬಳ್ಳಿಯ ಐಟಿಐನಿಂದ ಫಿಟ್ಟರ್ ಸರ್ಟಿಫಿಕೇಟು ಹಿಡಿದುಕೊಂಡು ಬಂದು ಅಂಬರನಾಥದ ಒಂದು ಕಾರ್ಖಾನೆಗೆ ಸೇರಿದ್ದೆ. ನನಗೆ ಕೆಲಸ ಕಲಿಸಿದ ಮರಾಠಿ ಮೇಸ್ತ್ರಿ ತನ್ನ ಪೆಟ್ಟಿಗೆಯಿಂದ ಹಳೆಯ ಅರವೊಂದನ್ನು ತೆಗೆದು, ಹಿಡಿಯ ಹತ್ತಿರ ಒತ್ತಿದ್ದ ಅಕ್ಷರಗಳನ್ನು ಹೆಬ್ಬೆರಳಿನಿಂದ ಒರೆಸಿ ತೋರಿಸಿದ. ‘ಇದು ಶೆಫೀಲ್ಡಿನದು. ಮುಟ್ಟುವ ಮೊದಲು ಕೈ ತೊಳೆದುಕೊ’ ಎಂದ. ದೇವರ ಕೋಣೆಗೆ ಹೋಗುವವರಿಗೆ ಹೇಳುವ ಮಾತಿನ ಹಾಗೆ ನನಗದು ಕೇಳಿಸಿತು. ಆ ಊರು ಎಲ್ಲಿದೆ, ಹೇಗಿದೆ ಎಂದು ಆಗ ಗೊತ್ತಿರಲಿಲ್ಲ. ಉಕ್ಕಿನ ಊರು ಎಂದಷ್ಟೇ ತಿಳಿದುಕೊಂಡಿದ್ದೆ.

ನಲವತ್ತಾರು ವರ್ಷಗಳ ಮೇಲೆ, 2022ರ ನವೆಂಬರಿನಲ್ಲಿ, ಅದೇ ಊರಿನಲ್ಲಿ ಮಗನ ಮನೆಯ ಮಹಡಿಯ ಕೋಣೆಯಲ್ಲಿ ಮಂಡಿಯೂರಿ ಕೂತು, ಒಂದು ಹಳೆಯ ರೇಡಿಯೇಟರಿನ ನಟ್ಟು ಬಿಚ್ಚುತ್ತಿದ್ದೆ. ಆ ನಾಲ್ಕು ದಿನದ ಕಥೆಯಿದು.

ನಮ್ಮ ಡೊಂಬಿವಲಿಯಿಂದ ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೋಗುವ ಹಿರಿಯರು ಸಾಮಾನ್ಯವಾಗಿ ಮೇ-ಜೂನಿನಲ್ಲಿ ಹೋಗುತ್ತಾರೆ. ಆಗ ಹೂಗಳಿರುತ್ತವೆ, ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ, ಫೋಟೊಗಳು ಚೆನ್ನಾಗಿ ಬರುತ್ತವೆ. ನಾವು ಚಳಿಗಾಲದ ಬಾಯಿಗೇ ಹೋದೆವು. ಸೊಸೆಗೆ ಜನವರಿಯ ಮೊದಲ ವಾರ ದಿನ ಕೊಟ್ಟಿದ್ದರು. ನನ್ನಾಕೆಯ ಎರಡು ಪೆಟ್ಟಿಗೆಗಳಲ್ಲಿ ಅಂಟಿನುಂಡಿಗೆ ಬೇಕಾದ ಅಂಟು, ಒಣಕೊಬ್ಬರಿ, ಮೆಂತೆ. ಜೊತೆಗೆ ಹಳೆಯ ಸೀರೆಗಳಿಂದ ಆಕೆಯೇ ಹೊಲಿದ ಎರಡು ಕೌದಿ. ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿದವನು ನಾನು. ನಮಗೆ ಚಳಿಯೆಂದರೆ ಒಂದು ಕೌದಿ, ಬಾಣಂತಿಯ ಮಂಚದ ಕೆಳಗೆ ಕೆಂಡದ ಒಂದು ಅಗ್ಗಿಷ್ಟಿಕೆ. ಅದಕ್ಕಿಂತ ಹೆಚ್ಚಿನ ಏರ್ಪಾಡು ನಮ್ಮ ಕಡೆಯವರಿಗೆ ಬೇಕಾಗಿರಲಿಲ್ಲ.

ಶೆಫೀಲ್ಡ್ ಗುಡ್ಡಗಳ ಊರು. ರೋಮಿನ ಹಾಗೆ ನಮ್ಮದೂ ಏಳು ಗುಡ್ಡಗಳ ಮೇಲಿದೆ ಎಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ಆ ಗುಡ್ಡಗಳ ನಡುವೆ ಡಾನ್, ಶೀಫ್, ರಿವೆಲಿನ್, ಲಾಕ್ಸ್‌ಲಿ ಎಂಬ ಸಣ್ಣಸಣ್ಣ ಹೊಳೆಗಳು. ಶೀಫ್ ಹೊಳೆಯಿಂದಲೇ ಊರಿಗೆ ಆ ಹೆಸರು. ಹೊಳೆಗಳ ನೀರು ಸಾಣೆಕಲ್ಲುಗಳನ್ನು ತಿರುಗಿಸಿತು, ಸಾಣೆಕಲ್ಲುಗಳು ಚಾಕುಗಳನ್ನು ಹರಿತ ಮಾಡಿದವು. ಅಲ್ಲಿಂದ ಆ ಊರಿನ ಕಸುಬು ಬೆಳೆಯಿತು. ತುಕ್ಕು ಹಿಡಿಯದ ಉಕ್ಕನ್ನು 1913ರಲ್ಲಿ ಹ್ಯಾರಿ ಬ್ರೆಯರ್ಲಿ ಮಾಡಿದ್ದು ಇಲ್ಲಿಯೇ. ನಮ್ಮ ಮನೆಗಳ ಸ್ಟೀಲ್ ತಾಟು, ಲೋಟ, ಡಬ್ಬಿಗಳೆಲ್ಲದರ ಹಿರಿಯ ಬಂಧು ಈ ಊರಿನವನು ಎನ್ನಬೇಕು.

ಮಗನ ಮನೆ ವಾಕ್ಲಿ ಎಂಬ ಬಡಾವಣೆಯಲ್ಲಿ. ರಸ್ತೆ ಎಷ್ಟು ಏರೆಂದರೆ ಕೆಳಗಿನ ಅಂಗಡಿಯಿಂದ ಹಾಲು ತರುವಷ್ಟರಲ್ಲಿ ನಾನು ಎರಡು ಕಡೆ ನಿಂತು, ದೂರದ ಕಣಿವೆಯನ್ನು ನೋಡುವವನಂತೆ ನಟಿಸಿ, ಉಸಿರು ಸರಿಮಾಡಿಕೊಳ್ಳುತ್ತಿದ್ದೆ. ರಸ್ತೆಯ ಎರಡೂ ಕಡೆ ಒಂದಕ್ಕೊಂದು ಬೆನ್ನು, ಭುಜ ಆನಿಸಿ ನಿಂತ ಇಟ್ಟಿಗೆಯ ಸಾಲುಮನೆಗಳು. ನೂರು ವರ್ಷಕ್ಕೂ ಹಿಂದೆ ಕಾರ್ಖಾನೆಯ ಕೆಲಸಗಾರರಿಗಾಗಿ ಕಟ್ಟಿದವು. ಮುಂಬಯಿಯ ಚಾಳನ್ನು ಉದ್ದಕ್ಕೆ ಕತ್ತರಿಸಿ ಗುಡ್ಡದ ಮೇಲೆ ಮಲಗಿಸಿದರೆ ಹೇಗಿರುತ್ತದೋ ಹಾಗೆ. ನನಗೆ ಆ ಬೀದಿ ಮೊದಲ ದಿನವೇ ಪರಿಚಿತವೆನಿಸಿತು.

ಹಿಂದೆ ಈ ಮನೆಗಳಲ್ಲಿ ಕೋಣೆಕೋಣೆಗೂ ಕಲ್ಲಿದ್ದಲಿನ ಒಲೆ ಇತ್ತು. ಗೋಡೆಯೊಳಗಿನ ಗೂಡು, ಮೇಲಿನ ಚಿಮಣಿ ಈಗಲೂ ಉಳಿದಿವೆ. 1952ರಲ್ಲಿ ಲಂಡನ್ನಿನ ಹೊಗೆ-ಮಂಜಿಗೆ ಸಾವಿರಾರು ಜನ ಸತ್ತ ಮೇಲೆ 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂತು. ಉತ್ತರ ಸಮುದ್ರದಲ್ಲಿ ಗ್ಯಾಸ್ ಸಿಕ್ಕಿತು. 1967ರಿಂದ ಹತ್ತು ವರ್ಷ ಮನೆಮನೆಯ ಒಲೆ, ಉಪಕರಣಗಳನ್ನು ಆ ಗ್ಯಾಸಿಗೆ ಹೊಂದಿಸಿದರು. ಆ ಕಾಲದಲ್ಲೇ ಇಂಥ ಎಷ್ಟೋ ಮನೆಗಳಿಗೆ ಬಾಯ್ಲರ್, ರೇಡಿಯೇಟರ್ ಬಂದವು. ಮಗನ ಮನೆಯ ರೇಡಿಯೇಟರುಗಳೂ ಆ ಪೀಳಿಗೆಯವೇ, ಹೆಚ್ಚುಕಡಿಮೆ ನನ್ನ ನೌಕರಿಯ ವಯಸ್ಸಿನವು.

ಮುಂಬಯಿ, ಚೆನ್ನೈಗಳಲ್ಲಿರುವ ನಮ್ಮ ಓದುಗರಿಗೆ ರೇಡಿಯೇಟರ್ ಎಂದರೆ ಕಾರಿನದೇ ನೆನಪಾಗುತ್ತದೆ. ಮನೆಯದು ಬೇರೆ. ಗೋಡೆಗೆ ತೂಗುಹಾಕಿದ ಚಪ್ಪಟೆ ಉಕ್ಕಿನ ಪೆಟ್ಟಿಗೆ ಅದು. ಅಡಿಗೆಮನೆಯ ಗ್ಯಾಸ್ ಬಾಯ್ಲರಿನಲ್ಲಿ ಕಾದ ನೀರು ತಾಮ್ರದ ಪೈಪಿನಲ್ಲಿ ಬಂದು, ಅದರ ಒಂದು ತುದಿಯಿಂದ ಒಳಹೊಕ್ಕು, ಕಾವು ಕೊಟ್ಟು, ಇನ್ನೊಂದು ತುದಿಯಿಂದ ಹೊರಟು ಮತ್ತೆ ಬಾಯ್ಲರಿಗೆ ಹೋಗುತ್ತದೆ. ಅದೇ ನೀರು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಸಾಮಾನ್ಯವಾಗಿ ಕಿಟಕಿಯ ಕೆಳಗೇ ಅದರ ಜಾಗ. ಒಂಟಿ ಗಾಜಿನ ಕಾಲದಲ್ಲಿ ಕಿಟಕಿಯಿಂದ ಕೆಳಗಿಳಿಯುವ ತಣ್ಣನೆಯ ಗಾಳಿಯನ್ನು ಅಲ್ಲಿಯೇ ಬಿಸಿ ಮಾಡಿ ಮೇಲಕ್ಕೆ ಕಳಿಸಲು ಹಾಗೆ ಮಾಡುತ್ತಿದ್ದರು. ನನ್ನಾಕೆ ಮೊದಲ ದಿನವೇ ಅದರ ಮೇಲೆ ಕೈಯಿಟ್ಟು, ‘ಇದು ಇವರ ಅಗ್ಗಿಷ್ಟಿಗಿ’ ಎಂದು ನಾಮಕರಣ ಮಾಡಿಬಿಟ್ಟಳು.

ತೊಂದರೆ ಇದ್ದದ್ದು ಹಿಂದಿನ ಸಣ್ಣ ಕೋಣೆಯಲ್ಲಿ. ಕೂಸಿಗೆಂದು ತೊಟ್ಟಿಲು ಇಟ್ಟಿದ್ದು ಅದೇ ಕೋಣೆ. ಎರಡು ಕಡೆ ಹೊರಗಿನ ಗೋಡೆ, ನಡುವೆ ಟೊಳ್ಳಿಲ್ಲದ ಗಟ್ಟಿ ಇಟ್ಟಿಗೆ. ಬೆಳಿಗ್ಗೆ ಥರ್ಮಾಮೀಟರ್ ನೋಡಿದರೆ 12 ಡಿಗ್ರಿ. ಕೂಸು ಮಲಗುವ ಕೋಣೆ 16ರಿಂದ 20 ಡಿಗ್ರಿ ಇರಬೇಕು ಎಂದು ಅಲ್ಲಿಯ ಆಸ್ಪತ್ರೆಯವರು ಹೇಳುತ್ತಾರೆ. 20 ಡಿಗ್ರಿಗೆ ಡೊಂಬಿವಲಿಯಲ್ಲಿ ಸ್ವೆಟರ್ ಹೊರಗೆ ಬರುತ್ತದೆ. ನನ್ನಾಕೆ ಅದನ್ನು ನಂಬಲೇ ಇಲ್ಲ. ಇರಲಿ. 12 ಅಂತೂ ಯಾರ ಲೆಕ್ಕದಲ್ಲೂ ಸಾಲದು.

ರೇಡಿಯೇಟರ್ ಮೇಲೆ ಕೈಯಾಡಿಸಿದೆ. ಮೇಲ್ಭಾಗ ಬಿಸಿ, ಕೆಳಭಾಗ ತಣ್ಣಗೆ. ಮೇಲೆ ತಣ್ಣಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಸಣ್ಣ ಚಾವಿಯಿಂದ ಮೂಲೆಯ ತಿರುಪು ಸಡಿಲಿಸಿದರೆ ಗಾಳಿ ಹೋಗುತ್ತದೆ. ಕೆಳಗೆ ತಣ್ಣಗಿದ್ದರೆ ತಳದಲ್ಲಿ ರಾಡಿ ಕೂತಿದೆ. ಉಕ್ಕು ಒಳಗಿನಿಂದ ಸವೆದು, ಕಪ್ಪು ತುಕ್ಕಾಗಿ, ಕೆಸರಿನಂತೆ ತಳದಲ್ಲಿ ನಿಲ್ಲುತ್ತದೆ. ಇಂಥದನ್ನು ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ನೋಡಿದವನು ನಾನು. ಮಗನಿಗೆ ಹೇಳಿದೆ.

‘ಗೊತ್ತದಪ್ಪಾ’ ಎಂದ. ‘ಮೂರು ರೇಡಿಯೇಟರ್ ಬದಲ್ ಮಾಡಬೇಕು. ಕೆಲಸದವನು ಜನವರಿ ನಡುವಿಗೆ ಬರ್ತೀನಿ ಅಂತಾನ. ಮಜೂರಿನೂ ರೇಡಿಯೇಟರಿನ ರೊಕ್ಕಕ್ಕಿಂತ ಜಾಸ್ತಿ.’

ಜನವರಿ ನಡುವಿಗೆ ಕೂಸಿಗೆ ಹತ್ತು ದಿನವಾಗಿರುತ್ತದೆ. ರೊಕ್ಕದ ಮಾತೂ ಸುಳ್ಳಲ್ಲ. ಯುಕ್ರೇನ್ ಯುದ್ಧದಿಂದ ಗ್ಯಾಸಿನ ಬೆಲೆ ಏರಿ, ಸಾಧಾರಣ ಮನೆಯೊಂದರ ಗ್ಯಾಸು-ಕರೆಂಟಿನ ವರ್ಷದ ಖರ್ಚು ಒಂದೇ ವರ್ಷದಲ್ಲಿ 1,277 ಪೌಂಡಿನಿಂದ 2,500 ಪೌಂಡಿಗೆ ಹೋಗಿತ್ತು. ಅದೂ ಸರಕಾರ ತಡೆದು ನಿಲ್ಲಿಸಿದ ಮೇಲೆ. ಆ ಚಳಿಗಾಲದಲ್ಲಿ ಅಲ್ಲಿಯ ಮನೆಗಳಲ್ಲಿ ಜನ ಸ್ವೆಟರಿನ ಮೇಲೆ ಸ್ವೆಟರ್ ಹಾಕಿ ಕೂತಿರುವುದನ್ನು ಕಂಡೆ.

‘ಹಂಗಾದ್ರ ನಾವ ಮಾಡೂಣು’ ಎಂದೆ.

ಮಗ ನಕ್ಕ. ‘ಅಪ್ಪಾ, ನೀ ಸುಮ್ನ ಕುಂದ್ರು. ಅರವತ್ತಾರು ವಯಸ್ಸು ನಿನಗ. ನಾ ವಿಡಿಯೊ ನೋಡಿ ಮಾಡ್ತೀನಿ.’ ಸೊಸೆ ಮಂಗಳೂರು ಕಡೆಯವಳು. ಆಕೆಯೂ, ‘ಬೇಡ ಮಾವ, ನೀವು ಕೂತ್ಕೊಳ್ಳಿ, ಬೆನ್ನು ಹಿಡಿದುಬಿಟ್ಟೀತು’ ಎಂದಳು. ವಿಡಿಯೊ ನೋಡಿ ಪಾನಾ ಹಿಡಿಯುತ್ತಾನಂತೆ! ಎದುರಿಗೆ ಅಪ್ಪ ಫಿಟ್ಟರ್ ಕೂತಿದ್ದಾನೆ. ಮನಸ್ಸಿಗೆ ಸ್ವಲ್ಪ ನೋವಾಯಿತು, ಸುಳ್ಳೇಕೆ ಹೇಳಲಿ.

ಬಿಡಿಸಿದವನು ಪಕ್ಕದ ಮನೆಯ ಮುದುಕ. ನನಗಿಂತ ಎಂಟು-ಹತ್ತು ವರ್ಷ ಹಿರಿಯ, ಉಕ್ಕಿನ ಕಾರ್ಖಾನೆಯಲ್ಲಿ ದುಡಿದವನು. ಅಲ್ಲಿ ಗಂಡಸರೂ ಗಂಡಸರನ್ನು ‘ಲವ್’ ಎಂದು ಕರೆಯುತ್ತಾರೆ. ಬೇಲಿಯಾಚೆಯಿಂದ ಆತ ನನ್ನನ್ನು ಮೊದಲ ಸಲ ಹಾಗೆ ಕರೆದಾಗ ನಾನು ಹಿಂದೆ ತಿರುಗಿ ನನ್ನಾಕೆ ಬಂದಳೋ ಎಂದು ನೋಡಿದ್ದೆ. 1980ರ ಮುಷ್ಕರ, ಆ ಮೇಲೆ ಒಂದೊಂದಾಗಿ ಮುಚ್ಚಿದ ಕಾರ್ಖಾನೆಗಳ ಕಥೆ ಹೇಳಿದ. ನಾನು 1982ರ ಮುಂಬಯಿ ಗಿರಣಿ ಮುಷ್ಕರದ ಕಥೆ ಹೇಳಿದೆ. ನನ್ನ ಇಂಗ್ಲಿಷು ಅರ್ಧ, ಅವನ ಉಚ್ಚಾರ ಅರ್ಧ; ಆದರೂ ಇಬ್ಬರಿಗೂ ಎಲ್ಲ ತಿಳಿಯಿತು. ರೇಡಿಯೇಟರ್ ಮಾತು ಬಂದಾಗ ಆತ ಒಳಗೆ ಹೋಗಿ ಎರಡು ಸ್ಕ್ರೂ ಪಾನಾ, ಒಂದು ಮೆಟ್ಟಿಲು ಮೆಟ್ಟಿಲಾದ ಆರುಮೂಲೆಯ ಚಾವಿ ತಂದು ನನ್ನ ಕೈಗಿಟ್ಟ. ಮಗನ ಕೈಗಲ್ಲ. ಮಗ ಅದನ್ನು ನೋಡಿದ. ಆ ಮೇಲೆ ‘ಸುಮ್ನ ಕುಂದ್ರು’ ಎನ್ನಲಿಲ್ಲ.

ಆ ದೇಶದಲ್ಲಿ ಒಂದು ಗೆರೆ ಸ್ಪಷ್ಟವಾಗಿದೆ. ಗ್ಯಾಸಿನ ಪೈಪು, ಬಾಯ್ಲರಿನ ಒಳಗಿನ ಕೆಲಸವನ್ನು ನೋಂದಾಯಿತ ಕೆಲಸಗಾರನೇ ಮಾಡಬೇಕು, ಅದು ಕಾಯ್ದೆ. ನೀರಿನ ಕಡೆಯ ಕೆಲಸವನ್ನು ಮನೆಯವರು ತಾವೇ ಮಾಡಿಕೊಳ್ಳಬಹುದು. ಮಾಡಿಕೊಳ್ಳುತ್ತಾರೆ ಕೂಡ. ಊರ ಹೊರಗಿನ ದೊಡ್ಡ ಅಂಗಡಿಗೆ ಹೋದಾಗ ಮುದುಕರು, ಹೆಂಗಸರು, ಟೈ ಕಟ್ಟಿದ ಆಫೀಸಿನವರು ಎಲ್ಲ ಪೈಪು, ನಟ್ಟು, ಬಣ್ಣದ ಡಬ್ಬಿ ತಳ್ಳುಗಾಡಿಯಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ನಮ್ಮಲ್ಲಾದರೆ ನಾಕೆಯಲ್ಲಿ ನಿಂತವರನ್ನು ಕರೆಯುತ್ತೇವೆ. ಅಲ್ಲಿ ಕೆಲಸದವರ ಕೈಗೆ ಬೆಲೆ ಇದೆ. ಹಾಗಾಗಿ ಎಲ್ಲರೂ ತಮ್ಮ ಕೈಯನ್ನು ಉಪಯೋಗಿಸಲು ಕಲಿತಿದ್ದಾರೆ.

ಹೊಸ ರೇಡಿಯೇಟರ್ ಆರಿಸುವಾಗ ಮಗ ನನಗೆ ಒಂದು ಪಾಠ ಹೇಳಿದ. ಹಳೆಯದು ಒಂದೇ ತಗಡಿನದು. ಹೊಸದರಲ್ಲಿ ಎರಡು ತಗಡು, ಎರಡರ ನಡುವೆ ಮಡಿಕೆ ಮಡಿಕೆಯಾದ ತೆಳು ಹಾಳೆಯ ಎರಡು ಸಾಲು. ಅಂಗಡಿಯಲ್ಲಿ ಅದಕ್ಕೆ ಟೈಪ್ 22 ಎನ್ನುತ್ತಾರೆ. ಗಾಳಿ ಕೆಳಗಿನಿಂದ ಹೊಕ್ಕು ಮಡಿಕೆಗಳ ನಡುವೆ ಕಾದು ಮೇಲೇರುತ್ತದೆ. ಅಷ್ಟೇ ಅಗಲ, ಅಷ್ಟೇ ಎತ್ತರದ ಜಾಗದಲ್ಲಿ ಹಳೆಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕಾವು. 600 ಮಿಲಿಮೀಟರ್ ಎತ್ತರ, 900 ಮಿಲಿಮೀಟರ್ ಅಗಲದ್ದು ಸುಮಾರು 1500 ವ್ಯಾಟ್ ಕೊಡುತ್ತದೆ.

‘ಇಷ್ಟು ಸಣ್ಣ ಕೋಣಿಗೆ ಇಷ್ಟು ಯಾಕ?’ ಎಂದೆ.

‘ಆ ಲೆಕ್ಕ ನೀರು 70 ಡಿಗ್ರಿ ಇದ್ದಾಗಿಂದು. ನಾ ನೀರು 50ಕ್ಕ ಇಳಸ್ತೀನಿ. ಆಗ ಅರ್ಧ ಕಾವು ಬರ್ತದ, ಕೋಣಿಗೆ ಅಷ್ಟು ಸಾಕು. ಬಾಯ್ಲರಿಗೆ ತಿರುಗಿ ಬರೂ ನೀರು ತಣ್ಣಗಿದ್ದಷ್ಟು ಹೊಗಿಯೊಳಗಿನ ಕಾವೂ ವಾಪಸ್ ಸಿಗ್ತದ. ಗ್ಯಾಸ್ ಉಳೀತದ.’

ನನಗೆ ಅದು ಹೊಸದು. ಹೊಸ ರೇಡಿಯೇಟರ್ ಎಂದರೆ ಹೆಚ್ಚು ಬಿಸಿ ಎಂದುಕೊಂಡಿದ್ದೆ. ಮೈ ದೊಡ್ಡದಾದರೆ ಕಡಿಮೆ ಬಿಸಿಯ ನೀರಿನಲ್ಲೇ ಕೆಲಸ ಆಗುತ್ತದೆ ಎಂಬುದು ಅದರ ಗುಟ್ಟು. ಕೂಸು ನಾಳೆ ತೆವಳಿ ಬಂದು ಕೈಯಿಟ್ಟರೂ ಸುಡುವ ಭಯ ಕಡಿಮೆ. ಮಗನ ತಲೆಯ ಬಗ್ಗೆ ನನಗೆ ಹೆಮ್ಮೆಯೆನಿಸಿತು, ಬಾಯಿಬಿಟ್ಟು ಹೇಳಲಿಲ್ಲ.

ನನ್ನ ಪಾಠವೂ ಒಂದು ಇತ್ತು. ಹಳೆಯ ರೇಡಿಯೇಟರ್ ಅಳೆದು ಮಗ ತಲೆ ಕೆರೆದುಕೊಂಡ. 914 ಮಿಲಿಮೀಟರ್ ಬರುತ್ತಿತ್ತು. ಹಾಗೆಂಥ ವಿಚಿತ್ರ ಅಳತೆ? ನಾನು ಟೇಪಿನ ಇನ್ನೊಂದು ಮಗ್ಗುಲು ತೋರಿಸಿದೆ. ಸರಿಯಾಗಿ 36 ಇಂಚು. ಅದು ಇಂಚಿನ ಕಾಲದ್ದು. ಹೊಸದು 900. ಅಂದರೆ ಪೈಪು ಮತ್ತು ರೇಡಿಯೇಟರಿನ ನಡುವೆ 14 ಮಿಲಿಮೀಟರಿಗಿಂತ ತುಸು ಹೆಚ್ಚು ಸಂದು ಬೀಳುತ್ತದೆ. ಇಂಚಿನ ಎಂಟನೆಯ ಒಂದು ಭಾಗಕ್ಕೆ ನಮ್ಮ ಕಾರ್ಖಾನೆಯಲ್ಲಿ ಸೂತ್ ಎನ್ನುತ್ತಿದ್ದೆವು. ‘ನಾಲ್ಕೂವರೆ ಸೂತ್’ ಎಂದೆ. ಮಗ ಮೊಬೈಲಿನಲ್ಲಿ ಗುಣಿಸಿ ನೋಡಿದ. ಸರಿಯಾಗಿತ್ತು. ಹಳೆಯ ಮನೆಗಳ ಈ ಕಷ್ಟ ಅಂಗಡಿಯವರಿಗೆ ಗೊತ್ತು. ವಾಲ್ವಿನ ಬಾಲಕ್ಕೆ ಜೋಡಿಸುವ ಸಣ್ಣ ತುಂಡುಗಳನ್ನು ಮಾರುತ್ತಾರೆ. ಅದನ್ನು ಹಾಕಿದರೆ ಪೈಪು ಕತ್ತರಿಸುವ, ನೆಲದ ಹಲಗೆ ಎಬ್ಬಿಸುವ ಕೆಲಸ ತಪ್ಪುತ್ತದೆ.

ಶನಿವಾರ ಬೆಳಿಗ್ಗೆ ಬಾಯ್ಲರ್ ಆರಿಸಿ, ಪೈಪುಗಳು ತಣ್ಣಗಾಗುವವರೆಗೆ ಕಾದೆವು. ಕೆಳಗಿನ ಕೋಣೆಯಲ್ಲಿ ಎಲ್ಲಕ್ಕೂ ತಗ್ಗಿನ ಜಾಗದಲ್ಲಿ ನೀರು ಬಿಡುವ ಒಂದು ಸಣ್ಣ ನಲ್ಲಿ ಇರುತ್ತದೆ. ಅದಕ್ಕೆ ರಬ್ಬರ್ ಪೈಪು ಸಿಕ್ಕಿಸಿ ಹಿತ್ತಿಲ ಮೋರಿಗೆ ಬಿಟ್ಟೆವು. ಮಹಡಿಯ ರೇಡಿಯೇಟರುಗಳ ಗಾಳಿತಿರುಪು ಸಡಿಲಿಸಿದಾಗ ನೀರು ಇಳಿಯತೊಡಗಿತು. ಮಸಿಯಂಥ ಕಪ್ಪು ನೀರು. ಐವತ್ತು ವರ್ಷ ಈ ಮನೆಯವರನ್ನು ಬೆಚ್ಚಗಿಟ್ಟ ನೀರು ಹೀಗಿತ್ತು.

ನಟ್ಟು ಬಿಚ್ಚುವಾಗ ಮಗನಿಗೆ ಮೊದಲ ಮಾತು ಹೇಳಿದೆ: ಎರಡು ಕೈ, ಎರಡು ಪಾನಾ. ಒಂದು ಪಾನಾದಿಂದ ನಟ್ಟು ತಿರುಗಿಸಬೇಕು, ಇನ್ನೊಂದರಿಂದ ವಾಲ್ವಿನ ಮೈ ಅಲುಗದಂತೆ ಹಿಡಿಯಬೇಕು. ಇಲ್ಲದಿದ್ದರೆ ಬಲವೆಲ್ಲ ಕೆಳಗಿನ ತಾಮ್ರದ ಪೈಪಿಗೆ ಹೋಗಿ ಅದು ತಿರುಚಿಕೊಳ್ಳುತ್ತದೆ. ಮಗ ಹಿಡಿದ, ನಾನು ತಿರುಗಿಸಿದೆ. ಆಮೇಲೆ ನಾನು ಹಿಡಿದೆ, ಅವನು ತಿರುಗಿಸಿದ. ಹಳೆಯ ರೇಡಿಯೇಟರ್ ಇಳಿಸುವ ಮೊದಲು ಅದರ ಎರಡೂ ಬಾಯಿಗೆ ಬಟ್ಟೆ ತುರುಕಿ, ತಲೆಕೆಳಗು ಮಾಡಿ, ಹಳೆಯ ಟವೆಲ್ಲು ಹಾಸಿ ಹೊತ್ತೆವು. ಎಷ್ಟೇ ಎಚ್ಚರ ಮಾಡಿದರೂ ಮೆಟ್ಟಿಲ ಕಾರ್ಪೆಟಿನ ಮೇಲೆ ಎರಡು ಕಪ್ಪು ಹನಿ ಬಿದ್ದವು. ಅವು ಇಂದಿಗೂ ಇವೆ. ಸೊಸೆ ಅದರ ಮೇಲೆ ಹೂವಿನ ಕುಂಡ ಇಟ್ಟಿದ್ದಾಳೆ.

ಹೊಸದರ ತೂಕ ಸುಮಾರು 25 ಕಿಲೊ. ಗೋಡೆಗೆ ಕೊಂಡಿ ಕೂರಿಸುವಾಗ ಡ್ರಿಲ್ ಮಗ ಹಿಡಿದ, ಮಟ್ಟ ನಾನು ನೋಡಿದೆ. ಹೊರಗಿನ ಗೋಡೆಗೆ ಕಾವು ಸೋರದಂತೆ ಹಿಂದೆ ಹೊಳೆಯುವ ಹಾಳೆ ಅಂಟಿಸಿದೆವು. ವಾಲ್ವಿನ ಬಾಲಕ್ಕೆ ಟೆಫ್ಲಾನ್ ಟೇಪು ಸುತ್ತುತ್ತಾ ಕೂತಿದ್ದಾಗ ಮಗ ತಲೆಯೆತ್ತದೆ ಕೇಳಿದ.

‘ಅಪ್ಪಾ, ಇದನ್ನೆಲ್ಲ ನನಗ ಯಾಕ ಕಲಿಸಲಿಲ್ಲ?’

ಏನು ಹೇಳಲಿ? ಅವನು ಆರನೆಯ ತರಗತಿಯಲ್ಲಿದ್ದಾಗ ಖಂಡೇನವಮಿಯ ಪೂಜೆಗೆ ಕಾರ್ಖಾನೆಗೆ ಕರೆದುಕೊಂಡು ಹೋಗಿದ್ದೆ. ಆ ದಿನ ಯಂತ್ರಗಳಿಗೆಲ್ಲ ಚೆಂಡುಹೂವಿನ ಮಾಲೆ, ಹತಾರಗಳಿಗೆ ಕುಂಕುಮ. ನಾನು ಬೇರೆಯವರ ಜೊತೆ ಮಾತಾಡುತ್ತಿದ್ದಾಗ ಇವನು ಪೂಜೆಗಿಟ್ಟ ಹತಾರಗಳಿಂದ ಒಂದು ಅರ ಎತ್ತಿಕೊಂಡು, ವೈಸಿನಲ್ಲಿದ್ದ ಒಂದು ತುಂಡು ಪಟ್ಟಿಯನ್ನು ಉಜ್ಜುತ್ತಿದ್ದ. ಮೇಸ್ತ್ರಿ ನಿವೃತ್ತನಾಗುವಾಗ ನನಗೆ ಕೊಟ್ಟು ಹೋಗಿದ್ದ ಅದೇ ಶೆಫೀಲ್ಡಿನ ಅರ. ಮುಖದಲ್ಲಿ ಎಂಥ ಖುಷಿ! ಕೈ ಚೆನ್ನಾಗಿಯೂ ಓಡುತ್ತಿತ್ತು. ಅದೇ ನನಗೆ ಹೆದರಿಕೆಯಾದದ್ದು. ಅರ ಕಸಿದುಕೊಂಡು, ಹತ್ತಿವೇಸ್ಟಿನಿಂದ ಅವನ ಕೈಯನ್ನು ತಿಕ್ಕಿ ತಿಕ್ಕಿ ಒರೆಸಿ, ‘ಇದು ಪೆನ್ನು ಹಿಡಿಯೂ ಕೈ’ ಎಂದಿದ್ದೆ. ಆ ಮೇಲೆ ಮನೆಯಲ್ಲಿ ನಲ್ಲಿಯ ವಾಶರ್ ಬದಲಿಸುವಾಗಲೂ ಅವನನ್ನು ಓದಲು ಕೂರಿಸುತ್ತಿದ್ದೆ. ರಾತ್ರಿ ಪಾಳಿಯಿಂದ ಬಂದ ನನ್ನ ಉಗುರಿನ ಕಪ್ಪು ಊಟದ ತಾಟಿನ ಮುಂದೆಯೂ ಹೋಗುತ್ತಿರಲಿಲ್ಲ. ಅದು ಅವನಿಗೆ ಬೇಡವೆಂದು ನಾನೇ ನಿರ್ಧರಿಸಿದ್ದೆ.

‘ನೀ ಹಿಂಗ ಕುಂತು ಕೆಲಸ ಮಾಡಬಾರದು ಅಂತ ಕಲಿಸಲಿಲ್ಲ’ ಎಂದೆ.

ಅವನು ಟೇಪು ಸುತ್ತುವುದನ್ನು ಮುಂದುವರಿಸಿದ. ‘ನನಗ ಅವತ್ತು ಭಾಳ ಸೇರಿತ್ತು’ ಎಂದಷ್ಟೇ ಹೇಳಿದ. ಅವನಿಗೆ ಆ ದಿನ ನೆನಪಿತ್ತು.

ಹಾಲಿನದೂ ಮುಂದಿನ ಕೋಣೆಯದೂ ಮಗ ಜೋಡಿಸಿದ. ಹಾಲಿನಲ್ಲಿ ಥರ್ಮೋಸ್ಟಾಟ್ ಇರುವುದರಿಂದ ಅಲ್ಲಿಗೆ ಸಾದಾ ವಾಲ್ವು. ಮಲಗುವ ಕೋಣೆಗಳಿಗೆ ತಾನಾಗಿಯೇ ಬಿಸಿ ನೋಡಿ ತೆರೆದು ಮುಚ್ಚುವ ವಾಲ್ವು. ತೊಟ್ಟಿಲ ಕೋಣೆಯದು ಮಾತ್ರ ನಾನೇ ಮಾಡುತ್ತೇನೆ ಎಂದು ಹಟ ಹಿಡಿದೆ. ಮೊಮ್ಮಗುವಿಗೆ ಅಜ್ಜನ ಕೈಯ ಕೆಲಸ ಒಂದಿರಲಿ ಎಂದು. ಮಗ ಟೇಪನ್ನು ಹನ್ನೆರಡು ಸುತ್ತು ಸುತ್ತುತ್ತಿದ್ದ. ನಾನು ನಕ್ಕು, ‘ಐದು ಸಾಕಪ್ಪಾ, ಟೇಪಿಗೂ ರೊಕ್ಕ ಬೀಳ್ತದ’ ಎಂದೆ. ನನ್ನದಕ್ಕೆ ಐದೇ ಸುತ್ತಿದೆ.

ಸಂಜೆ ನೀರು ತುಂಬಿಸಿದೆವು. ಮಾಪಕದ ಮುಳ್ಳು 1.4 ಬಾರ್‌ಗೆ ಬಂದಾಗ ನಿಲ್ಲಿಸಿದೆವು. ಗಾಳಿ ಬಿಟ್ಟೆವು, ಬಾಯ್ಲರ್ ಹೊತ್ತಿಸಿದೆವು. ತಳದವರೆಗೂ ಬಿಸಿ! ನನ್ನಾಕೆ ಹೊಸ ಅಗ್ಗಿಷ್ಟಿಗಿಗೆ ಅರಿಸಿನ-ಕುಂಕುಮ ಹಚ್ಚಿದಳು.

ರಾತ್ರಿ ಮೂರಕ್ಕೆ ಎಚ್ಚರವಾಯಿತು. ಅಡಿಗೆಮನೆಗೆ ಹೋಗಿ ನೋಡಿದರೆ ಮುಳ್ಳು 0.8ರಲ್ಲಿತ್ತು. ಎಲ್ಲೋ ಸೋರುತ್ತಿದೆ. ಅದು ಮಹಡಿಯಲ್ಲಾದರೆ ನೀರು ಹಲಗೆಗಳ ಸಂದಿಯಿಂದ ಇಳಿದು ಕೆಳಗಿನ ಚಾವಣಿಯನ್ನೇ ಉದುರಿಸಬಹುದು. ಮಗನ ಜೋಡಣೆಯೇ ಇರಬೇಕು ಎಂದುಕೊಂಡೆ, ಇದನ್ನು ಒಪ್ಪಿಕೊಳ್ಳಬೇಕು. ಸೋರುವ ಜಾಗ ಹುಡುಕಲು ಹಳೆಯ ಉಪಾಯವಿದೆ. ಪ್ರತಿ ಜೋಡಣೆಗೂ ಒಣ ಟಿಶ್ಯೂ ಕಾಗದ ಸುತ್ತಿ ಕಾಯಬೇಕು. ಕಣ್ಣಿಗೆ ಕಾಣದ ಹನಿಯೂ ಕಾಗದದಲ್ಲಿ ಕಾಣುತ್ತದೆ. ಮೊದಲು ಹಾಲಿನದಕ್ಕೆ ಸುತ್ತಿದೆ. ಒಣಗಿತ್ತು. ಮುಂದಿನ ಕೋಣೆಯಲ್ಲಿ ಅವರು ಮಲಗಿದ್ದರು. ಹಿಂದಿನ ಸಣ್ಣ ಕೋಣೆಗೆ ಹೋಗಿ, ತೊಟ್ಟಿಲ ಪಕ್ಕ ಕೂತು, ಮೊಬೈಲಿನ ಬೆಳಕಿನಲ್ಲಿ ಕಾಗದ ಸುತ್ತಿದೆ. ಐದು ನಿಮಿಷದಲ್ಲಿ ಒಂದು ಕಪ್ಪು ಚುಕ್ಕೆ. ಆಮೇಲೆ ಅದು ನಾಲ್ಕಾಣೆಯಷ್ಟು ಅಗಲವಾಯಿತು.

ಮೂವತ್ತೆಂಟು ವರ್ಷದ ಫಿಟ್ಟರನ ಜೋಡಣೆ ಸೋರಿತ್ತು. ವಿಡಿಯೊ ನೋಡಿ ಕಲಿತವನದು ಒಣಗಿತ್ತು.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಬಾಗಿಲಲ್ಲಿ ಮಗ ನಿಂತಿದ್ದ. ನಾನು ಕಾಗದ ಅವನತ್ತ ಚಾಚಿದೆ. ನೋಡಿದ. ನಗಲಿಲ್ಲ, ‘ಇರ್ಲಿ ಬಿಡು’ ಎಂದೂ ಅನ್ನಲಿಲ್ಲ. ಕೆಳಗೆ ಹೋಗಿ ತಾಂಬಾಳ, ಟವೆಲ್ಲು, ಎರಡು ಪಾನಾ ತಂದ. ಎರಡೂ ಕಡೆಯ ವಾಲ್ವು ಮುಚ್ಚಿ ಆ ಒಂದು ರೇಡಿಯೇಟರಿನ ನೀರನ್ನಷ್ಟೇ ಇಳಿಸಿದೆವು. ಬಾಲ ಬಿಚ್ಚಿ ಬೆಳಕಿಗೆ ಹಿಡಿದಾಗ ಕಾರಣ ತಿಳಿಯಿತು. ನಾನು ಜೀವನವಿಡೀ ಮಾಡಿದ್ದು ಇಳಿಜಾರು ಥ್ರೆಡ್ಡಿನ ಕಬ್ಬಿಣದ ಪೈಪು. ಒಳಗೆ ಹೋದಷ್ಟೂ ಅದು ತಾನೇ ಬಿಗಿಯಾಗುತ್ತದೆ. ಸಣಬಿನ ನಾಲ್ಕು ಎಳೆ, ತುಸು ಸಫೇದಾ ಇದ್ದರೆ ಸಾಕು. ರೇಡಿಯೇಟರಿನ ಬಾಯಿಯ ಥ್ರೆಡ್ಡು ನೇರವಾದದ್ದು, ಸಡಿಲವಾಗಿರುತ್ತದೆ. ಅಲ್ಲಿ ಸಂದು ತುಂಬುವುದು ಟೇಪಿನದೇ ಕೆಲಸ. ಹನ್ನೆರಡು ಸುತ್ತು ಬೇಕೇ ಬೇಕು.

‘ನೀನ ಸುತ್ತು’ ಎಂದೆ. ಅವನು ಸುತ್ತಿದ, ಥ್ರೆಡ್ಡು ತಿರುಗುವ ದಿಕ್ಕಿಗೇ, ಎಳೆದೆಳೆದು. ನಾನು ಎರಡನೆಯ ಪಾನಾ ಹಿಡಿದುಕೊಂಡೆ. ಐದಕ್ಕೆ ಮುಗಿಯಿತು. ಇಬ್ಬರೂ ಅಡಿಗೆಮನೆಯಲ್ಲಿ ನಿಂತು ಚಹಾ ಕುಡಿಯುತ್ತಾ ಮುಳ್ಳನ್ನು ನೋಡಿದೆವು. ಬೆಳಗಾಗುವವರೆಗೆ ಅದು ಅಲುಗಲಿಲ್ಲ.

ಉಳಿದದ್ದು ನೀರನ್ನು ಹಂಚುವ ಕೆಲಸ. ನಮ್ಮ ಹಳೆಯ ಚಾಳಿನಲ್ಲಿ ತಳಮಜಲಿನವರ ನಲ್ಲಿ ಭರ್ತಿ ಹರಿಯುತ್ತಿತ್ತು, ಮೂರನೆಯ ಮಜಲಿಗೆ ದಾರದಷ್ಟು ಬರುತ್ತಿತ್ತು. ಇಲ್ಲಿಯೂ ಅದೇ ನ್ಯಾಯ. ಬಾಯ್ಲರಿಗೆ ಹತ್ತಿರದ ರೇಡಿಯೇಟರ್ ಬಿಸಿನೀರನ್ನೆಲ್ಲ ನುಂಗುತ್ತದೆ, ಕೊನೆಯದು ಕಾಯುತ್ತಾ ಕೂರುತ್ತದೆ. ಹತ್ತಿರದವುಗಳ ಹೊರಬಾಯಿಯ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ, ಎಲ್ಲವೂ ಒಟ್ಟಿಗೆ ಬಿಸಿಯಾಗುವವರೆಗೆ ತಾಳ್ಮೆಯಿಂದ ಹೊಂದಿಸಬೇಕು. ಒಂದು ಭಾನುವಾರ ಪೂರ್ತಿ ಹಿಡಿಯಿತು. ತುಕ್ಕು ತಡೆಯುವ ದ್ರವವನ್ನೂ ಒಂದು ಲೀಟರ್ ಸೇರಿಸಿದೆವು, ಮುಂದಿನ ಐವತ್ತು ವರ್ಷ ನೀರು ಕಪ್ಪಾಗದಿರಲಿ ಎಂದು.

ಮುಂದಿನ ವಾರ ಮಗ ನನ್ನನ್ನು ಕೆಲಮ್ ಐಲೆಂಡ್ ಎಂಬಲ್ಲಿಯ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದ. ಅಲ್ಲಿ 1905ರ ಒಂದು ಹಬೆಯಂತ್ರವಿದೆ, 12,000 ಅಶ್ವಶಕ್ತಿಯದು, ಮೂರು ಮಜಲಿನ ಮನೆಯಷ್ಟು ಎತ್ತರ. ಯುದ್ಧನೌಕೆಗಳಿಗೆ ಬೇಕಾದ ದಪ್ಪ ಉಕ್ಕಿನ ಹಾಳೆಗಳನ್ನು ಲಟ್ಟಿಸುತ್ತಿದ್ದ ಯಂತ್ರ. ಆಗ ಜನರ ಮುಂದೆ ಅದನ್ನು ಓಡಿಸಿ ತೋರಿಸುತ್ತಿದ್ದರು. ಅಷ್ಟು ದೊಡ್ಡ ಮೈ ಒಂದೆರಡು ಕ್ಷಣದಲ್ಲಿ ನಿಂತು ಹಿಮ್ಮುಖ ತಿರುಗಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಎಲ್ಲೋ ಒಂದು ಜೋಡಣೆಯಿಂದ ಹಬೆ ಸಣ್ಣಗೆ ಸುಯ್ಯೆನ್ನುತ್ತಿತ್ತು. ಮಗ ನನ್ನ ಕಿವಿಯಲ್ಲಿ, ‘ಅಪ್ಪಾ, ಐದ ಸುತ್ತು ಹಾಕ್ಯಾರ’ ಎಂದ. ಅಂದು ಮೊದಲ ಸಲ ಇಬ್ಬರೂ ಅದಕ್ಕೆ ನಕ್ಕೆವು.

ಡಿಸೆಂಬರ್ ನಡುವೆ ಕಟುವಾದ ಚಳಿ ಬಂತು, ಬೀದಿಯಲ್ಲಿ ಹಿಮ ಗಟ್ಟಿಯಾಗಿ ನಿಂತಿತು. ಹಿಂದಿನ ಕೋಣೆ 18 ಡಿಗ್ರಿಯಲ್ಲೇ ಇತ್ತು. ಜನವರಿಯಲ್ಲಿ ಮೊಮ್ಮಗಳು ಬಂದಳು. ಕೂಸಿನ ತೊಟ್ಟಿಲಲ್ಲಿ ದಪ್ಪ ಹೊದಿಕೆ ಬೇಡವೆಂದು ಸೂಲಗಿತ್ತಿ ನರ್ಸ್ ಹೇಳಿದ್ದರಿಂದ, ನನ್ನಾಕೆಯ ಕೌದಿ ರೇಡಿಯೇಟರ್ ಪಕ್ಕದ ಕುರ್ಚಿಗೆ ಹೋಯಿತು. ಕೂಸನ್ನು ಎತ್ತಿಕೊಂಡು ಅಲ್ಲಿ ಕೂರುವುದು ನಮ್ಮಿಬ್ಬರ ಪಾಳಿಯ ಕೆಲಸವಾಯಿತು. ಹಳೆಯ ರೇಡಿಯೇಟರುಗಳನ್ನು ಹಳೇಕಬ್ಬಿಣದ ವ್ಯಾನಿನವನು ಒಯ್ದ. ಪಕ್ಕದ ಮನೆಯ ಮುದುಕನಿಗೆ ಪಾನಾಗಳನ್ನು ಒರೆಸಿ, ಎಣ್ಣೆ ಹಚ್ಚಿ, ಅಂಟಿನುಂಡಿಯ ಡಬ್ಬಿಯ ಜೊತೆ ಹಿಂತಿರುಗಿಸಿದೆ.

ಏಪ್ರಿಲಿನಲ್ಲಿ ಡೊಂಬಿವಲಿಗೆ ಬಂದ ಮೇಲೆ ಅಟ್ಟದಿಂದ ಹತಾರದ ಪೆಟ್ಟಿಗೆ ಇಳಿಸಿದೆ. ಆ ಅರ ಅಲ್ಲಿಯೇ ಇತ್ತು. ಹಲ್ಲುಗಳು ಸವೆದಿವೆ, ಅಕ್ಷರಗಳು ಉಳಿದಿವೆ. ತೊಳೆದು, ಎಣ್ಣೆಬಟ್ಟೆಯಲ್ಲಿ ಸುತ್ತಿ, ದೀಪಾವಳಿಗೆ ಶೆಫೀಲ್ಡಿಗೆ ಹೊರಟಿದ್ದ ಪರಿಚಯದವರೊಬ್ಬರ ಕೈಯಲ್ಲಿ ಮಗನಿಗೆ ಕಳಿಸಿದೆ. ಅದು ಹುಟ್ಟಿದ ಊರಿಗೇ ಹೋಯಿತು.

ಅದಾದ ಎರಡು ವಾರಕ್ಕೆ ಮಗನ ಫೋನು ಬಂತು. ಅಡಿಗೆಮನೆಯಲ್ಲಿ ಉಳಿದಿದ್ದ ಕೊನೆಯ ಹಳೆಯ ರೇಡಿಯೇಟರನ್ನು ತಾನೊಬ್ಬನೇ ಬದಲಾಯಿಸಿದೆ ಎಂದ. ಕೊಂಡಿಯೊಂದು ಗೋಡೆಗೆ ಸರಿಯಾಗಿ ಕೂರಲಿಲ್ಲವಂತೆ, ಅರದಿಂದ ಅದರ ಮೂಲೆ ಉಜ್ಜಿದನಂತೆ. ಕೆಲಸ ಮುಗಿದ ಮೇಲೆ ಮಾಡಿದ ಫೋನು ಅದು. ಮೊದಲೇ ಮಾಡಿ ಏನನ್ನೂ ಕೇಳಿರಲಿಲ್ಲ.

‘ಎಷ್ಟು ಸುತ್ತು ಹಾಕಿದಿ?’ ಎಂದೆ.

‘ಹನ್ನೆರಡು.’

‘ಎರಡನೇ ಪಾನಾ ಯಾರು ಹಿಡಿದ್ರು?’

‘ನನ್ನ ಹೇಣ್ತಿ’ ಎಂದ. ‘ಮಗಳು ಟಾರ್ಚ್ ಹಿಡಿದಿದ್ಲು.’

ಹತ್ತು ತಿಂಗಳ ಕೂಸು ಟಾರ್ಚ್ ಹೇಗೆ ಹಿಡಿದೀತು ಎಂದು ನಾನು ಕೇಳಲಿಲ್ಲ.